ಎರಡು ಬುಟ್ಟಿಯ ಏರ್ ಫ್ರೈಯರ್: ಬಲಗಡೆ ಗರಿಗರಿ, ಎಡಗಡೆ ಮೆತ್ತಗೆ. ತಪ್ಪು ಯಾರದು?

ಎಡಬಲ
ನಾಲ್ಕು ತಿಂಗಳ ಹಿಂದೆ ಎರಡು ಬುಟ್ಟಿಯ ಏರ್ ಫ್ರೈಯರ್ ತಂದೆವು. ಒಂದೊಂದು ಬುಟ್ಟಿಯೂ ಸುಮಾರು 4 ಲೀಟರಿನದು. ಒಂದರಲ್ಲಿ ಕೋಳಿ, ಇನ್ನೊಂದರಲ್ಲಿ ಆಲೂಗಡ್ಡೆ. ಎರಡೂ ಒಂದೇ ಹೊತ್ತಿಗೆ ಸಿದ್ಧವಾಗುತ್ತವೆ, ನಾವು ತಟ್ಟೆ ಹಿಡಿದು ಕೂತರಾಯಿತು ಎಂಬ ಲೆಕ್ಕದಲ್ಲಿದ್ದೆ. ಈಗ ನೋಡಿದರೆ ಬಲಬುಟ್ಟಿಯದು ಗರಿಗರಿ, ಎಡಬುಟ್ಟಿಯದು ಬೆಂದಿರುತ್ತದೆ, ಆದರೆ ಮೆತ್ತಗೆ, ಒದ್ದೆ ಒದ್ದೆ. ಎರಡನ್ನೂ ಒಟ್ಟಿಗೆ ಓಡಿಸಿದರೆ ಬಲಗಡೆಯದೂ ಸೊರಗುತ್ತದೆ. 200 ಡಿಗ್ರಿ, 20 ನಿಮಿಷ, ನಡುವೆ ಒಮ್ಮೆ ಅಲ್ಲಾಡಿಸುತ್ತೇನೆ. ಯಂತ್ರವೇ ಕೆಟ್ಟಿದೆಯೋ, ನನ್ನ ಕೈಗುಣವೋ? ವಾರಂಟಿ ಇನ್ನೂ ಇದೆ, ಆದ್ದರಿಂದ ಬೇಗ ಹೇಳಿ.

ಒಲೆಯೇಸಾಕು
ವಾಪಸ್ ಕೊಟ್ಟು ಒಂದು ದಪ್ಪ ತಳದ ಬಾಣಲೆ ತನ್ನಿ.

ಒಣಬಟ್ಟೆ
ಪ್ರತಿ ಸಲ ಇದೇ ಉತ್ತರ ಕೊಡುವವರು ಒಬ್ಬರು ಇರುತ್ತಾರೆ.

ಎಡಬಲ ಅವರೇ, ಮೊದಲ ಪ್ರಶ್ನೆ: ಆಲೂಗಡ್ಡೆಯನ್ನು ತೊಳೆದ ಮೇಲೆ ಒರೆಸುತ್ತೀರಾ? ಜರಡಿಯಲ್ಲಿ ಬಸಿಯುವುದನ್ನು ಕೇಳುತ್ತಿಲ್ಲ. ಬಟ್ಟೆಯ ಮೇಲೆ ಹರಡಿ, ಮೇಲೊಂದು ಬಟ್ಟೆ ಹಾಕಿ, ಹೋಳು ಬೆರಳಿಗೆ ಅಂಟಿಕೊಂಡು ಜಾರದೆ ನಿಲ್ಲುವ ತನಕ ಒತ್ತಬೇಕು. ಹೋಳಿನ ಮೈ ಒದ್ದೆಯಾಗಿರುವ ತನಕ ಅದು 100 ಡಿಗ್ರಿ ದಾಟುವುದೇ ಇಲ್ಲ, ಬುಟ್ಟಿಯೊಳಗಿನ ಗಾಳಿ 200 ಇದ್ದರೂ ಅಷ್ಟೇ. ಹೊಂಬಣ್ಣ ಚೆನ್ನಾಗಿ ಬರುವುದು ಸುಮಾರು 140ರ ಮೇಲೆ. ಅಂದರೆ ನೀರು ಹೋಗುವ ತನಕ ನೀವು ಮಾಡುತ್ತಿರುವುದು ಹಬೆಯ ಅಡುಗೆ.

ಎಡಬಲ
ಒರೆಸುತ್ತೇನೆ. ಸುಮಾರಾಗಿ.

ಒಣಬಟ್ಟೆ
"ಸುಮಾರಾಗಿ" ಎಂಬುದರಲ್ಲೇ ಅರ್ಧ ಉತ್ತರ ಇದೆ.

ಫ್ಯೂಸ್‌ಹೋಯಿತು
ಲೆಕ್ಕ ಹಾಕಿ ನೋಡಿ. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 2,260 ಕಿಲೋಜೂಲ್ ಬೇಕು. ಹೋಳುಗಳ ಮೈಮೇಲೆ 100 ಗ್ರಾಂ ನೀರು ಉಳಿದಿತ್ತು ಎನ್ನೋಣ. ಅದನ್ನು ಓಡಿಸಲು 226 ಕಿಲೋಜೂಲ್. ಬುಟ್ಟಿಯ ಹೀಟರ್ 1,200 ವ್ಯಾಟಿನದಾದರೆ, ಒಂದಿಷ್ಟೂ ಶಾಖ ಪೋಲಾಗದಿದ್ದರೂ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಬರೀ ಅದಕ್ಕೇ ಹೋಗುತ್ತದೆ. ನಿಜವಾಗಿ ಇನ್ನೂ ಹೆಚ್ಚು. ಒಂದು ಬಟ್ಟೆ ಆ ಕೆಲಸವನ್ನು ಅರ್ಧ ನಿಮಿಷದಲ್ಲಿ ಮಾಡುತ್ತದೆ.

ಇನ್ನೊಂದು ವಿಷಯ: ಯಂತ್ರದ ತಳದಲ್ಲಿ ಎಷ್ಟು ವ್ಯಾಟ್ ಎಂದು ಬರೆದಿದೆ? ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ದೀರಾ?

ಎಡಬಲ
2,400 ವ್ಯಾಟ್. ಎಕ್ಸ್‌ಟೆನ್ಷನ್ ಹೌದು. ಕೆಟಲ್ ಕೂಡ ಅದರಲ್ಲೇ ಇದೆ.

ಫ್ಯೂಸ್‌ಹೋಯಿತು
ಈಗಲೇ ಎದ್ದು ಹೋಗಿ ತೆಗೆಯಿರಿ, ಆಮೇಲೆ ಬಂದು ಓದಿ. 230 ವೋಲ್ಟಿನಲ್ಲಿ 2,400 ವ್ಯಾಟ್ ಎಂದರೆ ಹತ್ತು ಆಂಪಿಯರ್ ದಾಟಿತು. ಕೆಟಲ್ ಸೇರಿದರೆ ಅದರ ಇಮ್ಮಡಿಯ ಹತ್ತಿರ. ತೆಳ್ಳಗಿನ ವೈರಿನ ಬೋರ್ಡು ಇಷ್ಟನ್ನು ಅರ್ಧ ಗಂಟೆ ಹೊತ್ತುಕೊಂಡರೆ ಮೊದಲು ಬಿಸಿಯಾಗುತ್ತದೆ, ಆಮೇಲೆ ಕರಗುತ್ತದೆ. ಗೋಡೆಯ ಸಾಕೆಟ್ಟಿಗೆ ನೇರವಾಗಿ, ಒಂದೇ ಯಂತ್ರ. ಆಲೂಗಡ್ಡೆಯ ಮಾತು ಅದಾದ ಮೇಲೆ.

ಎಡಬಲ
ತೆಗೆದೆ. ಪ್ಲಗ್ ಬೆಚ್ಚಗಿತ್ತು. ಹೆದರಿಸಿದಿರಿ.

ನಾಲ್ಕುತಟ್ಟೆ
ನಮ್ಮ ಮನೆಯಲ್ಲೂ ಎರಡು ಬುಟ್ಟಿ, ಮೂರು ವರ್ಷವಾಯಿತು. ಎರಡನ್ನೂ ಒಟ್ಟಿಗೆ ಹಾಕಿದಾಗ ಸೊರಗುವುದು ಕೆಲವು ಮಾದರಿಗಳಲ್ಲಿ ಸಹಜ. ಪ್ರತಿ ಬುಟ್ಟಿಗೂ ಅದರದೇ ಹೀಟರ್, ಅದರದೇ ಫ್ಯಾನ್ ಇರುತ್ತದೆ ನಿಜ, ಆದರೆ ಗೋಡೆಯಿಂದ ಬರುವ ವಿದ್ಯುತ್ತು ಒಂದೇ. ಎರಡು ಹೀಟರುಗಳೂ ಪೂರ್ತಿ ಉರಿದರೆ ಮಿತಿ ಮೀರುತ್ತದೆ ಎಂದು ಕೆಲವು ಯಂತ್ರಗಳು ಅವನ್ನು ಸರದಿಯಲ್ಲಿ ಉರಿಸುತ್ತವೆ. ಪಾಕವಿಧಾನದಲ್ಲಿ ಬರೆದಿರುವ ಸಮಯ ಒಂದೇ ಬುಟ್ಟಿ ಓಡುವಾಗಿನದು. ನಾನು ಎರಡೂ ಓಡುವಾಗ ನಾಲ್ಕೈದು ನಿಮಿಷ ಸೇರಿಸುತ್ತೇನೆ.

ಎಣ್ಣೆಜಿಪುಣ
ಸೇರಿಸುವುದಕ್ಕಿಂತ ಬುಟ್ಟಿಗೆ ಕಡಿಮೆ ಹಾಕುವುದು ಲೇಸು. ಹಲವು ಎರಡು ಬುಟ್ಟಿಯ ಯಂತ್ರಗಳ ದೋಷವೇ ಇದು: ಬುಟ್ಟಿ ಕಿರಿದು, ಆಳ ಹೆಚ್ಚು. 4 ಲೀಟರ್ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ, ನಾವು ಅದನ್ನು ಪಾತ್ರೆಯಂತೆ ತುಂಬುತ್ತೇವೆ. ಬೇಕಾಗಿರುವುದು ಲೀಟರಲ್ಲ, ತಳದ ಅಗಲ. ಹೋಳುಗಳು ಒಂದೇ ಪದರ, ಹೆಚ್ಚೆಂದರೆ ಒಂದೂವರೆ.

ನಾಲ್ಕುತಟ್ಟೆ
ನಾಲ್ಕು ಮಂದಿಗೆ ಒಂದೇ ಪದರದಲ್ಲಿ ಮಾಡಿದರೆ ಕೊನೆಯವರು ಉಣ್ಣುವಾಗ ಮೊದಲನೆಯವರು ಮಲಗಿರುತ್ತಾರೆ.

ಎಣ್ಣೆಜಿಪುಣ
ಅದಕ್ಕೇ ಎರಡು ಬುಟ್ಟಿಯನ್ನೂ ಒಂದೇ ತಿನಿಸಿಗೆ ಕೊಡಿ ಎನ್ನುವುದು. ಎಲ್ಲರೂ ಇದನ್ನು ಎರಡು ಅಡುಗೆ ಮಾಡುವ ಯಂತ್ರ ಎಂದುಕೊಂಡಿದ್ದಾರೆ. ನನ್ನ ಮಟ್ಟಿಗೆ ಇದು ಅಗಲವಾದ ತಳವನ್ನು ನಡುವೆ ಗೋಡೆ ಕಟ್ಟಿ ಮಾರಿದ್ದು. ಒಂದು ಕಿಲೋ ಆಲೂಗಡ್ಡೆಯನ್ನು ಅರ್ಧ ಅರ್ಧ ಹಂಚಿ, ಮ್ಯಾಚ್ ಗುಂಡಿ ಒತ್ತಿ. ಎರಡೂ ಕಡೆ ಒಂದೇ ಬಿಸಿ, ಒಂದೇ ಸಮಯ. ಕೋಳಿಯನ್ನು ಬೇರೆ ಕಡೆ ಬೇಯಿಸಿಕೊಳ್ಳಿ.

ಒಲೆಯೇಸಾಕು
ಬೇರೆ ಕಡೆ ಅಂದರೆ ಒಲೆಯ ಮೇಲೆ. ನಾನು ಮೊದಲೇ ಹೇಳಿದೆ.

ಪದಕೋಶ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಈ ಯಂತ್ರದಲ್ಲಿ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಯಾವ ಕ್ರಿಯಾಪದ? ಕರಿಯುವುದು ಎಂದರೆ ಎಣ್ಣೆಯಲ್ಲಿ ಮುಳುಗಬೇಕು. ಹುರಿಯುವುದು ಎಂದರೆ ಬಾಣಲೆಯಲ್ಲಿ ಕೈಯಾಡಿಸುತ್ತಿರಬೇಕು. ಸುಡುವುದು ಎಂದರೆ ಕೆಂಡ. ಬೇಯಿಸುವುದು ಎಂದರೆ ನೀರೋ ಹಬೆಯೋ. ಇದು ಯಾವುದೂ ಅಲ್ಲ.

ಎಡಬಲ
ನನ್ನ ಎಡಬುಟ್ಟಿ ಖಂಡಿತವಾಗಿ ಬೇಯಿಸುತ್ತಿದೆ.

ಫ್ಯೂಸ್‌ಹೋಯಿತು
ಯಂತ್ರದ ಕಡೆಯಿಂದ ನೋಡಿದರೆ ಇದು ಚಿಕ್ಕ ಓವನ್, ಫ್ಯಾನ್ ಜೋರಾಗಿದೆ ಅಷ್ಟೇ. ಮೇಲೆ ಹೀಟರ್, ಅದರ ಮೇಲೆ ಫ್ಯಾನ್, ಬಿಸಿ ಗಾಳಿ ಕೆಳಗಿಳಿದು ಜಾಲರಿ ತಟ್ಟೆಯ ಅಡಿಯಿಂದ ಸುತ್ತಿ ಮೇಲೇರುತ್ತದೆ. ಫಿಲಿಪ್ಸ್ 2010ರಲ್ಲಿ ಇದಕ್ಕೆ ಏರ್‌ಫ್ರೈಯರ್ ಎಂದು ಹೆಸರಿಟ್ಟು ಮಾರುಕಟ್ಟೆಗೆ ತಂದಿತು, ಹೆಸರು ನಿಂತಿತು. ಎಣ್ಣೆ ದ್ರವ, ಅದೇ ಬಿಸಿಯಲ್ಲಿ ಗಾಳಿಗಿಂತ ಎಷ್ಟೋ ವೇಗವಾಗಿ ಶಾಖವನ್ನು ಹೋಳಿಗೆ ದಾಟಿಸುತ್ತದೆ. ಗಾಳಿ ಆ ಕೊರತೆಯನ್ನು ಓಡಾಟದಿಂದ ತುಂಬಬೇಕು. ಗಾಳಿಗೆ ದಾರಿ ಇಲ್ಲದಿದ್ದರೆ ಏರ್ ಫ್ರೈಯರ್ ಬರೀ ಬೆಚ್ಚಗಿನ ಡಬ್ಬಿ.

ಪದಕೋಶ
"ಗಾಳಿಗರಿ" ಎನ್ನೋಣವೇ? ಆಲೂಗಡ್ಡೆಯನ್ನು ಗಾಳಿಗರಿಸಿದೆ.

ಒಣಬಟ್ಟೆ
ಬೇಡ.

ಸೀದತುದಿ
ಎಡಬಲ ಅವರೇ, ವಾರಂಟಿಗೆ ಕರೆ ಮಾಡುವ ಮುಂಚೆ ಬ್ರೆಡ್ ಪರೀಕ್ಷೆ ಮಾಡಿ. ಎರಡು ಬುಟ್ಟಿಯಲ್ಲೂ ಒಂದೊಂದು ಬ್ರೆಡ್ ಹೋಳನ್ನು ಒಂದೇ ಜಾಗದಲ್ಲಿ ಇಡಿ. ಬ್ರೆಡ್ ಹಗುರ, ಗಾಳಿಗೆ ಎದ್ದು ಹೀಟರಿಗೆ ತಗುಲಿ ಸೀದುಹೋಗುತ್ತದೆ, ಆದ್ದರಿಂದ ಮೇಲೊಂದು ಸಣ್ಣ ಸ್ಟೀಲ್ ಜಾಲರಿ ಹೇರಿ. 180 ಡಿಗ್ರಿ, 4 ನಿಮಿಷ. ಮೊದಲು ಎಡ ಮಾತ್ರ, ಆರಿದ ಮೇಲೆ ಬಲ ಮಾತ್ರ, ಮತ್ತೆ ಆರಿದ ಮೇಲೆ ಎರಡೂ ಒಟ್ಟಿಗೆ. ಮೇಲ್ಮೈ, ಕೆಳಮೈ ಎರಡನ್ನೂ ನೋಡಿ. ಬಾಯಿಮಾತಿನ ಜಗಳಕ್ಕಿಂತ ಬ್ರೆಡ್ ಚೆನ್ನಾಗಿ ಸಾಕ್ಷಿ ಹೇಳುತ್ತದೆ.

ಎಡಬಲ
ಶನಿವಾರ ಮಾಡಿ ತಿಳಿಸುತ್ತೇನೆ.

ಹೊಗೆಬಂತು
ಅಷ್ಟರಲ್ಲಿ ನನ್ನದೊಂದು. ಕೊಬ್ಬಿರುವ ಮಾಂಸ ಹಾಕಿದರೆ ಹತ್ತು ನಿಮಿಷಕ್ಕೆ ಬಿಳಿ ಹೊಗೆ. ಅಡುಗೆಮನೆಯ ಅಲಾರಂ ಕೂಗುತ್ತದೆ, ನಾಯಿ ಕೂಗುತ್ತದೆ, ಮಕ್ಕಳೂ ಕೂಗುತ್ತಾರೆ.

ಸೀದತುದಿ
ಜಾಲರಿ ತಟ್ಟೆಯ ಅಡಿಯಲ್ಲಿ ಒಂದೆರಡು ಚಮಚ ನೀರು ಹಾಕಿ, ಅಥವಾ ಒಂದು ಬ್ರೆಡ್ ಹೋಳು ಇಡಿ. ಇಳಿದ ಕೊಬ್ಬು ಬರಿಯ ಬಿಸಿ ತಳದ ಮೇಲೆ ಸುಡುವುದು ತಪ್ಪುತ್ತದೆ. ಆಮೇಲೂ ಹೊಗೆ ಬಂದರೆ ಹೀಟರಿಗೆ ಹಳೆಯ ಜಿಡ್ಡು ಹಿಡಿದಿದೆ ಎಂದು ಅರ್ಥ. ಪ್ಲಗ್ ತೆಗೆದು, ಪೂರ್ತಿ ಆರಿದ ಮೇಲೆ, ಬುಟ್ಟಿಗಳನ್ನು ಹೊರಗಿಟ್ಟು ಯಂತ್ರವನ್ನು ಮಗುಚಿ, ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಬುಟ್ಟಿಯನ್ನು ಲಕಲಕ ತೊಳೆದು ಹೀಟರನ್ನು ಹುಟ್ಟಿದಾಗಿನಿಂದ ಮುಟ್ಟದವರೇ ಹೆಚ್ಚು.

ಒಣಬಟ್ಟೆ
ಗರಿಗರಿ ಬೇಕಾದಾಗ ಮಾತ್ರ ನೀರು ಹಾಕಬೇಡಿ, ಮತ್ತೆ ಹಬೆ. ಬ್ರೆಡ್ ಇಡುವುದೇ ಮೇಲು.

ಹೊಗೆಬಂತು
ಮಗುಚಿ ನೋಡಿದೆ. ನೋಡಬಾರದಿತ್ತು.

ಎಣ್ಣೆಜಿಪುಣ
ಎಣ್ಣೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಡಬ್ಬಿಯಿಂದ ಅನಿಲದ ಒತ್ತಡದಲ್ಲಿ ಬರುವ ಅಡುಗೆ ಸ್ಪ್ರೇಗಳನ್ನು ಅಂಟದ ಲೇಪನದ ಬುಟ್ಟಿಗೆ ಹೊಡೆಯಬೇಡಿ. ಹಲವುದರಲ್ಲಿ ಲೆಸಿಥಿನ್ ಎಂಬ ಜಿಡ್ಡಿನಂಥ ಪದಾರ್ಥ ಇರುತ್ತದೆ. ಅದು ಬಿಸಿಗೆ ಗೋಂದಿನಂತಾಗಿ ಕೂರುತ್ತದೆ, ಉಜ್ಜಿದರೆ ಲೇಪನವೇ ಎದ್ದು ಬರುತ್ತದೆ. ಅರ್ಧ ಕಿಲೋ ಹೋಳಿಗೆ ಎರಡು ಟೀ ಚಮಚ ಎಣ್ಣೆ, ಬಟ್ಟಲಿನಲ್ಲಿ ಹಾಕಿ ಕೈಯಿಂದ ಕಲಸಿ. ಬುಟ್ಟಿಗಲ್ಲ, ಹೋಳಿಗೆ.

ಒಲೆಯೇಸಾಕು
ಎಣ್ಣೆಯೇ ಬೇಡ ಎಂದಲ್ಲವೇ ಇದನ್ನು ಮಾರುತ್ತಾರೆ?

ಎಣ್ಣೆಜಿಪುಣ
ನನ್ನ ಹೆಸರನ್ನು ನೋಡಿ. ನಾನೇ ಹಾಕಿ ಎನ್ನುತ್ತಿದ್ದೇನೆ ಎಂದರೆ ಹಾಕಲೇಬೇಕು. ಎಣ್ಣೆ ಇಲ್ಲದ ಹೋಳು ಒಣಗುತ್ತದೆ, ಗರಿಗರಿಯಾಗುವುದಿಲ್ಲ. ಚರ್ಮ ಸುಕ್ಕಿದ ಹಾಗೆ ಕಾಣುತ್ತದೆ.

ನಾಲ್ಕುತಟ್ಟೆ
ಸಿಂಕ್ ಬಗ್ಗೆ ಯಾರೂ ಹೇಳಲಿಲ್ಲ. ಕೋಳಿಗೆ 25 ನಿಮಿಷ, ಆಲೂಗಡ್ಡೆಗೆ 18 ನಿಮಿಷ ಇಟ್ಟು ಸಿಂಕ್ ಒತ್ತಿದರೆ ಆಲೂಗಡ್ಡೆಯ ಬುಟ್ಟಿ ಏಳು ನಿಮಿಷ ಸುಮ್ಮನಿದ್ದು ಆಮೇಲೆ ಶುರುವಾಗುತ್ತದೆ, ಎರಡೂ ಒಟ್ಟಿಗೆ ಮುಗಿಯುತ್ತವೆ.

ಹೊಗೆಬಂತು
ಪಾತ್ರೆ ತೊಳೆಯುವ ಸಿಂಕ್‌ನಲ್ಲಿ ಒತ್ತುವುದೇನು ಎಂದು ಎರಡು ಸಲ ಓದಿದೆ.

ಒಣಬಟ್ಟೆ
ಸಿಂಕ್ ಒಳ್ಳೆಯದೇ, ಆದರೆ ಎರಡು ಎಚ್ಚರ. ಉಪ್ಪು ಹಾಕಿದ ಹೋಳು ಆ ಏಳು ನಿಮಿಷ ಕಾಯುತ್ತಾ ನೀರು ಬಿಡುತ್ತದೆ. ಒರೆಸಿದ್ದೆಲ್ಲ ವ್ಯರ್ಥ. ಉಪ್ಪನ್ನು ಕೊನೆಯಲ್ಲಿ ಹಾಕಿ. ಎರಡನೆಯದು, ಇದು ನನ್ನ ಹಟ ಎಂದೇ ಇಟ್ಟುಕೊಳ್ಳಿ: ಎರಡೂ ಒಂದೇ ಹೊತ್ತಿಗೆ ಮುಗಿಯಬಾರದು. ಕೋಳಿ ಐದು ನಿಮಿಷ ಮೊದಲೇ ಮುಗಿಯಲಿ. ಮಾಂಸ ಸ್ವಲ್ಪ ಹೊತ್ತು ಕೂತಿದ್ದರೆ ರಸ ಒಳಗೇ ನಿಲ್ಲುತ್ತದೆ, ಕಾಯುವುದು ಅದಕ್ಕೆ ಒಳ್ಳೆಯದೇ. ಆಲೂಗಡ್ಡೆಗೆ ಆ ತಾಳ್ಮೆ ಇಲ್ಲ, ತೆಗೆದ ನಿಮಿಷದಿಂದ ಮೆತ್ತಗಾಗತೊಡಗುತ್ತದೆ. ಕೊನೆಯ ಐದು ನಿಮಿಷ ಒಂದೇ ಬುಟ್ಟಿ ಓಡುವುದರಿಂದ ಹೀಟರ್ ಸರದಿ ಕಾಯಬೇಕಾಗಿಲ್ಲ, ಪೂರ್ತಿ ಉರಿಯುತ್ತದೆ.

ನಾಲ್ಕುತಟ್ಟೆ
ಮೂರು ವರ್ಷದಿಂದ ಸಿಂಕ್ ಒತ್ತುತ್ತಿದ್ದೇನೆ. ಇದು ಹೊಳೆದಿರಲಿಲ್ಲ.

ಫ್ಯೂಸ್‌ಹೋಯಿತು
ಕೋಳಿ ಬೆಂದಿದೆಯೇ ಎಂದು ಬಣ್ಣ ನೋಡಿ ನಿರ್ಧರಿಸಬೇಡಿ. ಇಲ್ಲಿ ಹೊರಮೈ ಬೇಗ ಕೆಂಪಗಾಗುತ್ತದೆ, ಮೂಳೆಯ ಬಳಿ ಹಸಿ ಇರಬಹುದು. ಚುಚ್ಚುವ ಥರ್ಮಾಮೀಟರ್ ಮೂಳೆಗೆ ತಗುಲದಂತೆ ದಪ್ಪ ಭಾಗಕ್ಕೆ ಇಳಿಸಿ, 74 ಡಿಗ್ರಿ ತೋರಿಸಬೇಕು.

ಎಡಬಲ
ಶನಿವಾರ ಬಂತು, ಬ್ರೆಡ್ ಪರೀಕ್ಷೆಯೂ ಆಯಿತು. ಆರು ಹೋಳುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಹಿಂದೆ ಚೀಟಿ ಅಂಟಿಸಿ ನೋಡಿದೆ. ಎಲ್ಲರೂ ನನ್ನನ್ನು ವಿಚಿತ್ರವಾಗಿ ನೋಡಿದರು. ಆರು ಏಕೆಂದರೆ ಎಡ-ಬಲ ಒಂಟಿಯಾಗಿ ಒಂದೊಂದು, ಒಟ್ಟಿಗೆ ಎರಡು, ಒಟ್ಟಿಗೆ ಓಡಿಸಿದ್ದನ್ನು ನಂಬಲಾಗದೆ ಇನ್ನೊಮ್ಮೆ ಮಾಡಿದ್ದು ಎರಡು.

ಒಂಟಿಯಾಗಿ: ಮೇಲ್ಮೈ ಎರಡೂ ಕಡೆ ಒಂದೇ ಬಣ್ಣ. ಒಟ್ಟಿಗೆ: ಎರಡೂ ಒಂದೇ ರೀತಿ ಮಾಸಲು. ಅಂದರೆ ನಾಲ್ಕುತಟ್ಟೆ ಅವರು ಹೇಳಿದ ಸರದಿಯ ಮಾತು ನಿಜ. ವಿಚಿತ್ರ ಏನೆಂದರೆ ಕೆಳಮೈ. ಬಲದ ಹೋಳಿನ ಕೆಳಗೆ ತೂತುಗಳ ಗುರುತು ಮೂಡಿ ನಸುಗಂದು. ಎಡದ್ದರ ಕೆಳಗೆ ಪೊಟ್ಟಣದಿಂದ ತೆಗೆದಾಗ ಇದ್ದಂತೆಯೇ ಬೆಳ್ಳಗೆ, ಮುಟ್ಟಿದರೆ ತೇವ. ಮೂರು ಸಲವೂ ಹೀಗೇ.

ಸೀದತುದಿ
ಮೇಲ್ಮೈ ಒಂದೇ ಎಂದರೆ ಹೀಟರ್ ಸರಿ ಇದೆ, ಫ್ಯಾನ್ ಸರಿ ಇದೆ. ಕೆಳಗೆ ಗಾಳಿ ಹೋಗುತ್ತಿಲ್ಲ. ಬಲದ್ದಕ್ಕೆ ತೂತಿನ ಗುರುತು ಬಿದ್ದಿದೆ, ಎಡದ್ದಕ್ಕೆ ಇಲ್ಲ. ಎಡಬುಟ್ಟಿಯಲ್ಲಿ ಜಾಲರಿ ತಟ್ಟೆ ಇದೆಯೇ?

ಎಡಬಲ
ಇದೆ.

ಸೀದತುದಿ
ಅದರ ಮೇಲೆ ಏನಾದರೂ ಇದೆಯೇ?

ಎಡಬಲ
ಸಿಲಿಕೋನ್ ಬಟ್ಟಲು ಇದೆ. ಮೊದಲ ವಾರ ಮೀನು ಅಂಟಿಕೊಂಡಿತ್ತು, ಉಜ್ಜಿ ಸಾಕಾಯಿತು, ಅಂದಿನಿಂದ ಅದನ್ನು ಹಾಕಿಯೇ ಮಾಡುತ್ತೇನೆ. ಅದು ಏರ್ ಫ್ರೈಯರಿಗೆಂದೇ ಮಾರುವಂಥದ್ದು.

ಒಣಬಟ್ಟೆ
ನಲವತ್ತು ಉತ್ತರಗಳಾದ ಮೇಲೆ ಇದನ್ನು ಹೇಳುತ್ತಿದ್ದೀರಾ?

ಫ್ಯೂಸ್‌ಹೋಯಿತು
ಬೆಚ್ಚಗಿನ ಡಬ್ಬಿ. ಡಬ್ಬಿಯೊಳಗೆ ಇನ್ನೊಂದು ಡಬ್ಬಿ.

ಎಡಬಲ
ನಲವತ್ತು ಆಗಿರಲಿಲ್ಲ. ಯಾರೂ ಕೇಳಲೂ ಇಲ್ಲ!

ಎಣ್ಣೆಜಿಪುಣ
ಪಾಪ, ಬೈಯಬೇಡಿ. ಏರ್ ಫ್ರೈಯರಿಗೆಂದೇ ಮಾರುತ್ತಾರೆ ನಿಜ. ಸಾರು ಬಿಡುವಂಥದ್ದು, ಕೇಕ್, ಮೊಟ್ಟೆ ಇಂಥವಕ್ಕೆ ಬಟ್ಟಲು ಬೇಕೇ ಬೇಕು. ಆದರೆ ತಳ ಮುಚ್ಚಿದ ಬಟ್ಟಲಿನಲ್ಲಿ ಹೋಳು ಬಿಟ್ಟ ನೀರು ಅಲ್ಲೇ ನಿಂತು ಅದೇ ಹೋಳನ್ನು ಬೇಯಿಸುತ್ತದೆ. ಗರಿಗರಿಗೂ ಅದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ.

ನಾಲ್ಕುತಟ್ಟೆ
ಕಾಗದ ಹಾಕುವವರಿಗೂ ಇದೇ ಮಾತು. ತೂತು ಇರುವ ಕಾಗದ, ತಳಕ್ಕಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿದ್ದು, ಅದೂ ಮೇಲೆ ಭಾರ ಇದ್ದಾಗ ಮಾತ್ರ. ಖಾಲಿ ಬುಟ್ಟಿಯನ್ನು ಕಾಗದ ಸಮೇತ ಬಿಸಿ ಮಾಡಿದರೆ ಕಾಗದ ಹಾರಿ ಹೀಟರಿಗೆ ತಗುಲಿ ಹೊತ್ತಿಕೊಳ್ಳುತ್ತದೆ. ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ.

ಒಲೆಯೇಸಾಕು
ಹೇಗೆ ಗೊತ್ತು?

ನಾಲ್ಕುತಟ್ಟೆ
ಮೂಲೆಯಲ್ಲಿ ಒಂದು ಕರಿ ಕಲೆ ಇನ್ನೂ ಇದೆ.

ಹೊಗೆಬಂತು
ಅಂದಹಾಗೆ ಮೊದಲೇ ಬಿಸಿ ಮಾಡಿಕೊಳ್ಳಬೇಕೇ ಬೇಡವೇ? ಕೈಪಿಡಿ ಬೇಡ ಎನ್ನುತ್ತದೆ.

ಸೀದತುದಿ
ಹೋಳು ತೆಳ್ಳಗಿದ್ದು ಹತ್ತು ನಿಮಿಷದಲ್ಲಿ ಮುಗಿಯುವಂತಿದ್ದರೆ ಮೂರು ನಿಮಿಷ ಬಿಸಿ ಮಾಡಿಕೊಳ್ಳಿ, ವ್ಯತ್ಯಾಸ ಕಾಣುತ್ತದೆ. ಅರ್ಧ ಗಂಟೆಯ ಅಡುಗೆಗೆ ಅಷ್ಟೇನೂ ಬೇಡ. ಮೀನಿಗೆ ಮಾತ್ರ ನಾನು ತಪ್ಪದೆ ಮಾಡುತ್ತೇನೆ: ಜಾಲರಿ ತಟ್ಟೆ ಬಿಸಿಯಾದ ಮೇಲೆ, ಎಣ್ಣೆ ಸವರಿದ ಮೀನನ್ನು ಚರ್ಮ ಮೇಲೆ ಮಾಡಿ ಇಡಿ, ಬೆಂದು ಬಿಗಿಯಾಗುವ ತನಕ ಕದಲಿಸಬೇಡಿ. ಅರೆಬೆಂದಾಗ ಎತ್ತಲು ಹೋದರೇ ಅದು ಅಂಟುವುದು. ಸಿಲಿಕೋನ್ ಬಟ್ಟಲಿನ ಅಗತ್ಯವೇ ಬರುವುದಿಲ್ಲ.

ಎಣ್ಣೆಜಿಪುಣ
ಬಿಸಿ ಬುಟ್ಟಿಯನ್ನು ತಣ್ಣೀರಿಗೆ ಇಡಬೇಡಿ, ಸೊಟ್ಟಗಾಗುತ್ತದೆ. ಸೊಟ್ಟಗಾದ ತಟ್ಟೆ ಆಮೇಲೆ ಎಂದೂ ಸರಿಯಾಗಿ ಕೂರುವುದಿಲ್ಲ.

ಪದಕೋಶ
ಆಲೂಗಡ್ಡೆಯನ್ನು ನೆನೆಸಬೇಕು ಎನ್ನುತ್ತಾರಲ್ಲ, ಅದು ಗರಿಗರಿಗೆ ಮಾತ್ರವೇ?

ಒಣಬಟ್ಟೆ
ಅದಕ್ಕಷ್ಟೇ ಅಲ್ಲ. ಅರ್ಧ ಗಂಟೆ ನೀರಿನಲ್ಲಿಟ್ಟರೆ ಹೊರಮೈಯ ಪಿಷ್ಟ, ಸಕ್ಕರೆ ಸ್ವಲ್ಪ ಹೋಗುತ್ತದೆ. ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುವುದು ತಪ್ಪುತ್ತದೆ. ಇನ್ನೊಂದು ಲಾಭ: ಪಿಷ್ಟದ ಪದಾರ್ಥಗಳನ್ನು 120 ಡಿಗ್ರಿಗಿಂತ ಮೇಲೆ ಒಣ ಬಿಸಿಯಲ್ಲಿ ಮಾಡಿದಾಗ ಅಕ್ರಿಲಮೈಡ್ ಎಂಬ, ಆರೋಗ್ಯಕ್ಕೆ ಒಳ್ಳೆಯದಲ್ಲದ ರಾಸಾಯನಿಕ ಉಂಟಾಗುತ್ತದೆ ಎಂದು 2002ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ನೆನೆಸಿದರೆ ಅದು ಕಡಿಮೆ. ಹೊಂಬಣ್ಣಕ್ಕೆ ನಿಲ್ಲಿಸಿ, ಕಂದು ಬರುವ ತನಕ ಬಿಡಬೇಡಿ. ಹಸಿ ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಟ್ಟರೆ ಸಕ್ಕರೆ ಹೆಚ್ಚುತ್ತದೆ, ಬೇಗ ಕಪ್ಪಾಗುತ್ತದೆ. ಹೊರಗೆ, ತಂಪಾದ ಕತ್ತಲ ಜಾಗವೇ ಸರಿ.

ನೆನೆಸಿದ ಮೇಲೆ ಒರೆಸಬೇಕು ಎಂದು ಮತ್ತೆ ಹೇಳಬೇಕಾಗಿಲ್ಲ ತಾನೇ.

ಎಡಬಲ
ಭಾನುವಾರ ರಾತ್ರಿಯ ವರದಿ. ಬಟ್ಟಲು ಹೊರಗೆ. ಗೋಡೆಯ ಸಾಕೆಟ್. ಬೆರಳಿಗೆ ಜಾರದಷ್ಟು ಒರೆಸಿದ ಹೋಳು, ಎಡಗಡೆ 400 ಗ್ರಾಂ, ಎರಡು ಟೀ ಚಮಚ ಎಣ್ಣೆ, ಉಪ್ಪಿಲ್ಲ. ಬಲಗಡೆ ಕೋಳಿ, ಐದು ನಿಮಿಷ ಮೊದಲೇ ಮುಗಿಯುವಂತೆ. ಏಳನೆಯ ನಿಮಿಷಕ್ಕೆ ಅಲ್ಲಾಡಿಸಲು ಎಳೆದಾಗ ಹಬೆ ಮುಖಕ್ಕೆ ಹೊಡೆಯಿತು, ಹೋಳುಗಳು ಇನ್ನೂ ಮೆತ್ತಗೆ; ಇವತ್ತೂ ಕೆಟ್ಟಿತು ಎಂದುಕೊಂಡೆ. ಹದಿನಾಲ್ಕಕ್ಕೆ ಎಳೆದಾಗ ಹಬೆ ಇರಲಿಲ್ಲ. ಅಲ್ಲಾಡಿಸಿದರೆ ಒಣ ಕಡ್ಡಿಗಳಂತೆ ಗಲಗಲ ಎಂದಿತು. ಆ ಸದ್ದು ಎಡಬುಟ್ಟಿಯಿಂದ ಮೊದಲ ಸಲ ಕೇಳಿದ್ದು. ಒಟ್ಟು 23 ನಿಮಿಷ ಬೇಕಾಯಿತು, ಇಪ್ಪತ್ತು ಸಾಲಲಿಲ್ಲ. ಜಾಲರಿಯ ಮೇಲೆ ಸುರಿದು ಉಪ್ಪು ಉದುರಿಸಿದೆ. ಕೋಳಿಯನ್ನು ಕತ್ತರಿಸುವಷ್ಟರಲ್ಲಿ ಅರ್ಧ ಖಾಲಿ.

ಸೀದತುದಿ
ವಾರಂಟಿಗೆ ಕರೆ ಮಾಡಲಿಲ್ಲ ತಾನೇ?

ಎಡಬಲ
ಶುಕ್ರವಾರವೇ ಮಾಡಿದ್ದೆ. ನಾಳೆ ಒಬ್ಬರು ನೋಡಲು ಬರುತ್ತಾರಂತೆ. ಏನು ಹೇಳಲಿ?

ಒಲೆಯೇಸಾಕು
ಆಲೂಗಡ್ಡೆ ಕೊಡಿ.

ಪದಕೋಶ
ಗಾಳಿಗರಿಸಿದ ಆಲೂಗಡ್ಡೆ.

ಹೊಗೆಬಂತು
ಆ ಸಿಲಿಕೋನ್ ಬಟ್ಟಲನ್ನು ಏನು ಮಾಡಿದಿರಿ?

ಎಡಬಲ
ಬಾಗಿಲ ಬಳಿ ಇದೆ. ಬೀಗದಕೈ ಹಾಕುತ್ತಿದ್ದೇವೆ.